ಹನ್ನೊಂದಕ್ಕೇ ಹೊಡೆದ ಹನ್ನೆರಡು ಗಂಟೆ

ಮೊಮ್ಮಗಳ ರವಿಕೆಗೆ ಒಂದು ಹುಕ್ಕು ಹೊಲಿದುಕೊಡೋಣವೆಂದು ದಾರದ ಡಬ್ಬಿ ತೆಗೆದೆ. ಹುಕ್ಕು ಸಿಗಲಿಲ್ಲ, ಗಡಿಯಾರದ ಕೀ ಸಿಕ್ಕಿತು. ನಮ್ಮಂಥ ಮುದುಕಿಯರ ಡಬ್ಬಿಗಳ ಸ್ವಭಾವವೇ ಹಾಗೆ. ಕೇಳಿದ್ದನ್ನು ಕೊಡುವುದಿಲ್ಲ, ಕೇಳದ್ದನ್ನು ಕೈಗಿಟ್ಟು ಅರ್ಧ ದಿನ ಹಾಳು ಮಾಡುತ್ತವೆ. ಎರಡು ಕಿವಿಗಳಿರುವ ಪುಟ್ಟ ಹಿತ್ತಾಳೆ ಕೀ. ಅದರ ಗಡಿಯಾರ ಕೆಟ್ಟು ಗುಜರಿಗೆ ಹೋಗಿ ಎಷ್ಟೋ ವರ್ಷಗಳಾದವು. ಕೀ ಮಾತ್ರ ನನ್ನ ಜೊತೆ ಮುದಿಯಾಗುತ್ತಿದೆ.

"ಇದ್ಯಾವ ಬೀಗದ್ದು ಅಜ್ಜಿ?" ಎಂದಳು ಮೊಮ್ಮಗಳು. ಅವಳ ಕೂಸಿಗೆ ಈಗ ಎರಡು ತಿಂಗಳು. ಅದಕ್ಕೆ ಹಾಲು ಕುಡಿಸುವ ಹೊತ್ತಾದರೆ ಅವಳ ಮೊಬೈಲು ಟಿಣ್ ಅನ್ನುತ್ತದೆ. ಕೂಸು ಅದಕ್ಕೆ ಮೊದಲೇ ಬಾಯಿ ತೆರೆದರೆ, "ಇನ್ನೂ ಇಪ್ಪತ್ತು ನಿಮಿಷ ಇದೆ ಅಜ್ಜಿ" ಎಂದು ನನಗೇ ಲೆಕ್ಕ ಒಪ್ಪಿಸುತ್ತಾಳೆ. ನಾನು ತುಟಿ ಬಿಚ್ಚುವುದಿಲ್ಲ. ಹಳಬರಿಗೆ ಎಲ್ಲವೂ ಗೊತ್ತು ಅನ್ನುವ ಜಂಬ ನನಗೂ ಇದೆ, ಇಲ್ಲ ಅನ್ನಲಾರೆ. ಆದರೆ ಈ ಒಂದು ವಿಷಯದಲ್ಲಿ ನನ್ನ ಬಾಯಿಗೆ ಬೀಗ ಬಿದ್ದಿದೆ. ಆ ಬೀಗದ್ದೇ ಈ ಕೀ ಅಂತ ಬೇಕಾದರೆ ಹೇಳಬಹುದಿತ್ತು. ಹೇಳಲಿಲ್ಲ, ನಿಮಗೆ ಹೇಳುತ್ತೇನೆ.

ನನಗಾಗ ಎಂಟು ವರ್ಷ. ಆಣೆಯ ಕಾಲ, ನಯಾ ಪೈಸೆ ಇನ್ನೂ ಬಂದಿರಲಿಲ್ಲ. ನಾವು ಹುಣಸೂರಿನಲ್ಲಿ, ಲಕ್ಷ್ಮಣತೀರ್ಥ ಹೊಳೆಗೆ ನೂರು ಹೆಜ್ಜೆ ದೂರದಲ್ಲಿ, ಎರಡೇ ಕೋಣೆಯ ಹೆಂಚಿನ ಮನೆಯಲ್ಲಿ ಬಾಡಿಗೆಗೆ ಇದ್ದೆವು. ಎದುರಿಗೆ ಒಂದು ಹೊಗೆಸೊಪ್ಪಿನ ಮಂಡಿ. ಅಲ್ಲಿ ಹೆಂಗಸರು ಸಾಲಾಗಿ ಕೂತು ಎಲೆ ಆರಿಸುತ್ತಿದ್ದರು. ಬೆಲ್ಲದ ಪಾಕ ಸ್ವಲ್ಪ ಹತ್ತಿದಾಗ ಬರುತ್ತದಲ್ಲ, ಅಂಥ ಸಿಹಿಗಮಲು ಇಡೀ ಬೀದಿಗೆ. ಇವತ್ತಿಗೂ ಎಲ್ಲಾದರೂ ಆ ವಾಸನೆ ಬಂದರೆ ನನಗೆ ನಿದ್ದೆ ಬರುತ್ತದೆ. ಹೊಗೆಸೊಪ್ಪಿಗೆ ನಿದ್ದೆ ಬರಿಸುವ ಗುಣ ಉಂಟೋ ಇಲ್ಲವೋ ಕಾಣೆ. ನನಗೆ ಬಾಲ್ಯ ಬಂದರೆ ನಿದ್ದೆಯ ದಾರಿಯಲ್ಲೇ ಬರುತ್ತದೆ.

ಅಪ್ಪಾಜಿ ಅಲ್ಲೊಂದು ಮಿಡ್ಲ್ ಸ್ಕೂಲಿನಲ್ಲಿ ಹೆಡ್ ಮೇಷ್ಟರು. ಬೆಟ್ಟದಪುರದ ಒಟ್ಟು ಸಂಸಾರದಿಂದ ಹೆಂಡತಿ ಮಗಳನ್ನು ಕರೆದುಕೊಂಡು ಬೇರೆ ಬಂದ ಮೊದಲನೆಯವರು. ಆ ದೊಡ್ಡಮನೆಯಲ್ಲಿ ನಾವು ಹದಿನಾಲ್ಕು ಮಕ್ಕಳು. ಯಾರ ತಾಯಿ ಯಾರಿಗೆ ಉಣ್ಣಿಸುತ್ತಾಳೆ, ಯಾರ ಚಡ್ಡಿ ಯಾರ ಮೈಮೇಲಿದೆ ಅನ್ನುವುದು ದೇವರಿಗೇ ಗೊತ್ತು. ಸೋಮವಾರ ಸೋಮವಾರ ದೊಡ್ಡವ್ವ ನಮ್ಮನ್ನೆಲ್ಲ ಬಚ್ಚಲ ಕಲ್ಲಿನ ಮುಂದೆ ಸಾಲು ನಿಲ್ಲಿಸಿ ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದಳು. ಒಂದು ಸಲ ವೀಳ್ಯದೆಲೆ ಮಾರಲು ಬಂದವನ ಮಗನನ್ನೂ ಹಿಡಿದು ತಿಕ್ಕಿಬಿಟ್ಟಳು. ಆ ಹುಡುಗ ನೀರು ಕುಡಿಯಲು ಒಳಗೆ ಬಂದಿದ್ದವನು, ವಿಭೂತಿ ಹಚ್ಚಿಸಿಕೊಂಡು ಹೊರಗೆ ಹೋದ. ಅವನ ಅಪ್ಪ ಅರ್ಧ ಗಳಿಗೆ ಮಗನ ಗುರುತೇ ಹಿಡಿಯಲಿಲ್ಲವಂತೆ. ಈ ಕಥೆ ಹೇಳಿದಾಗಲೆಲ್ಲ ಮನೆಮಂದಿಯೆಲ್ಲ ನಗುತ್ತಿದ್ದರು. ಅಪ್ಪಾಜಿ ಒಬ್ಬರು ನಗುತ್ತಿರಲಿಲ್ಲ. ಅದೇಕೆಂದು ನನಗೆ ಆಗ ತಿಳಿದಿರಲಿಲ್ಲ.

ಬೇರೆ ಬಂದ ಮೇಲೆ ಅಪ್ಪಾಜಿ ಮೊದಲು ತಂದ ಸಾಮಾನು ಗಡಿಯಾರ. ಮಂಚ ಇರಲಿಲ್ಲ, ಕುರ್ಚಿ ಇರಲಿಲ್ಲ, ಗಡಿಯಾರ ಬಂತು. ಮೈಸೂರಿನಲ್ಲಿ ಯಾರೋ ಬಳಸಿ ಬಿಟ್ಟದ್ದು. ಪಂಚೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲ ಮೇಲೆ ಕೂರಿಸಿಕೊಂಡು ಬಂದರು. ಗಾಜಿನ ಬಾಗಿಲು, ಅದರೊಳಗೆ ಅತ್ತಿತ್ತ ತೂಗುವ ಹಿತ್ತಾಳೆ ಲೋಲಕ, ಅರ್ಧ ಗಂಟೆಗೊಂದು ಪೆಟ್ಟು, ಗಂಟೆಗೆ ಗಂಟೆಯಷ್ಟೇ ಪೆಟ್ಟು. "ಮುಳ್ಳನ್ನ ಯಾವತ್ತೂ ಹಿಂದಕ್ಕೆ ತಿರುಗಿಸಬಾರದು ಮಗು. ಮುಂದಕ್ಕೆ ತಿರುಗಿಸಿದ್ರೂ ಪೆಟ್ಟು ಹೊಡೆದು ಮುಗಿಯೋ ತನಕ ಕಾಯಬೇಕು. ಅದಕ್ಕೂ ಮಾತಾಡೋಕೆ ಪುರುಸೊತ್ತು ಕೊಡಬೇಕು" ಎಂದು ನನ್ನನ್ನು ಎತ್ತಿ ಹಿಡಿದು ಹೇಳಿಕೊಟ್ಟಿದ್ದರು. ಮುಂದೆ ನಾನು ಮಾಡಿದ ಕಳ್ಳತನಕ್ಕೆ ಬೇಕಾದ ವಿದ್ಯೆಯನ್ನೆಲ್ಲ ಅವರೇ ಕಲಿಸಿದ್ದರು ಅನ್ನುವುದನ್ನು ನೀವು ನೆನಪಿಟ್ಟುಕೊಳ್ಳಬೇಕು.

ಗಡಿಯಾರದ ಹಿಂದೆಯೇ ಬಂದದ್ದು ಅಚ್ಚಿನ ಹಾಳೆ. ಮೇಷ್ಟರುಗಳಿಗೆ ಮೈಸೂರಿನಲ್ಲಿ ಏನೋ ತರಬೇತಿ ನಡೆದಾಗ ಡಾಕ್ಟರಮ್ಮ ಒಬ್ಬರು ಎಳೆಮಕ್ಕಳ ಪಾಲನೆಯ ಮೇಲೆ ಭಾಷಣ ಮಾಡಿ ಅದನ್ನು ಹಂಚಿದರಂತೆ. ಬೇರೆ ಮೇಷ್ಟರುಗಳು ಅದರಲ್ಲಿ ಕಡಲೆಕಾಯಿ ಕಟ್ಟಿಸಿಕೊಂಡರು. ನಮ್ಮ ಅಪ್ಪಾಜಿ ಮೈದಾ ಗೋಂದು ಕಾಯಿಸಿ ಗಡಿಯಾರದ ಕೆಳಗೆ ಅಂಟಿಸಿದರು. ಮೂರು ಗಂಟೆಗೊಂದು ಸಲ ಹಾಲು, ಆರಕ್ಕೆ, ಒಂಬತ್ತಕ್ಕೆ, ಹನ್ನೆರಡಕ್ಕೆ, ಹೀಗೆ. ನಡುವೆ ಅತ್ತರೆ ಎತ್ತಬಾರದು, ಎತ್ತಿದರೆ ಮಗು ಹಠಮಾರಿಯಾಗುತ್ತದೆ. ಮೂಗಿಗೆ ಎಣ್ಣೆ ಬಿಡಬಾರದು, ಅಂಗಾಲಿಗೆ ಹರಳೆಣ್ಣೆ ಸವರಬಾರದು. ಸಾಂಬ್ರಾಣಿ ಹೊಗೆ ಹಾಕಬಾರದು. ಬಜೆ ತೇಯ್ದು ಒಳಲೆಯಲ್ಲಿ ಕುಡಿಸಬಾರದು. ಕಟ್ಟೆಮಳಲವಾಡಿಯಲ್ಲಿ ನನ್ನ ಅಜ್ಜಿ, ಅಂದರೆ ಅವ್ವನ ತಾಯಿ, ದಿನಾಲೂ ಏನೇನು ಮಾಡುತ್ತಿದ್ದಳೋ ಅದನ್ನೆಲ್ಲ ಯಾರೋ ಕದ್ದು ನೋಡಿ ಒಂದೊಂದಕ್ಕೂ 'ಬಾರದು' ಸೇರಿಸಿದ ಹಾಗಿತ್ತು ಆ ಹಾಳೆ.

ತಮ್ಮ ಹುಟ್ಟಿದ್ದು ಅಜ್ಜಿಯ ಊರಿನಲ್ಲೇ. ಮೂರು ತಿಂಗಳು ತುಂಬಿದ ಮೇಲೆ ಅಜ್ಜಿ ಬಾಣಂತಿಯನ್ನೂ ಕೂಸನ್ನೂ ಕರೆತಂದಳು. ನಾಲ್ಕು ದಿನ ಇದ್ದು ಹೋಗುತ್ತೇನೆಂದು ಬಂದವಳು, ಗೋಡೆಯ ಮೇಲಿನ ಹಾಳೆಯಲ್ಲಿ ಏನಿದೆ ಎಂದು ನನ್ನ ಬಾಯಲ್ಲಿ ಓದಿಸಿ ಕೇಳಿದ ಮೇಲೆ, ಗಂಟು ಬಿಚ್ಚಿ ಸೀರೆಗಳನ್ನು ಹಗ್ಗದ ಮೇಲೆ ಹರವಿದಳು.

ಅಜ್ಜಿ ಅಳಿಯನ ಎದುರು ನಿಂತು ಮಾತಾಡುತ್ತಿರಲಿಲ್ಲ. ನಮ್ಮ ಕಡೆ ಆಗಿನ ಮರ್ಯಾದೆ ಅದು. ತಲೆ ಮೇಲೆ ಸೆರಗು ಹೊದ್ದು ಅಡುಗೆಮನೆ ಬಾಗಿಲ ಮರೆಯಲ್ಲಿ ನಿಲ್ಲುವಳು. ನಡುಮನೆಯಲ್ಲಿ ಅಪ್ಪಾಜಿ. ಇಬ್ಬರ ನಡುವೆ ಹೊಸ್ತಿಲ ಮೇಲೆ ನಾನು. ಮೂರು ಮಾರು ದೂರದಲ್ಲಿರುವ ಇಬ್ಬರಿಗೂ ಒಬ್ಬರ ಮಾತು ಇನ್ನೊಬ್ಬರಿಗೆ ಚೆನ್ನಾಗಿ ಕೇಳಿಸುತ್ತಿತ್ತು. ಆದರೂ ನಾನು ತಲುಪಿಸಿದ ಮೇಲೆಯೇ ಅದು ಮಾತು. ಒಂದು ಭಾನುವಾರ ಹೀಗಾಯಿತು.

"ರತ್ನಿ, ನಿಮ್ಮಪ್ಪಾಜಿಗೆ ಯೋಳವ್ವ. ಕೂಸು ಅಸ್ಕಂಡು ಅಳ್ತಾ ಅದೆ."

"ಅಪ್ಪಾಜಿ, ಕೂಸು ಹಸ್ಕೊಂಡು ಅಳ್ತಾ ಇದೆಯಂತೆ."

"ಅತ್ತೆಯವರಿಗೆ ಹೇಳು ಮಗು. ಇನ್ನೂ ಹತ್ತೂವರೆ. ಹಾಲಿನ ಹೊತ್ತು ಹನ್ನೆರಡಕ್ಕೆ. ಅಳೋದು ಶ್ವಾಸಕೋಶಕ್ಕೆ ವ್ಯಾಯಾಮ."

ವ್ಯಾಯಾಮ ಅಂದರೇನೆಂದು ಅಜ್ಜಿಗೆ ಗೊತ್ತಿರಲಿಲ್ಲ, ನನಗೂ ಅಷ್ಟಕ್ಕಷ್ಟೇ. "ಸಾಮು ತೆಗೀತಾ ಇದೆಯಂತೆ ಅಜ್ಜಿ" ಎಂದೆ. ಅಜ್ಜಿ ಬಾಗಿಲ ಹಿಂದಿನಿಂದಲೇ, "ಮೂರು ತಿಂಗಳ ಕೂಸು ಯಾರ ಮ್ಯಾಲೆ ಕುಸ್ತಿಗೆ ಓಯ್ತದಂತೆ ಕೇಳು" ಎಂದಳು. ಅದನ್ನು ನಾನು ತಲುಪಿಸಲಿಲ್ಲ. ಹೀಗೆ ಕೆಲವು ಮಾತುಗಳನ್ನು ಹೊಸ್ತಿಲಲ್ಲೇ ನುಂಗಿಕೊಳ್ಳುವ ರೂಢಿ ನನಗೆ ಆಗಿನಿಂದಲೇ ಆಯಿತು.

ಅಪ್ಪಾಜಿ ಸ್ಕೂಲಿಗೆ ಹೋದ ಮೇಲೆ ಮನೆಯಲ್ಲಿ ನಾವು ನಾಲ್ಕು ಜನ. ನನ್ನ ಸ್ಕೂಲಿನ ಸೂರಿಗೆ ಹೊಸ ಹೆಂಚು ಹೊದಿಸುತ್ತಿದ್ದರು, ನಮಗೆಲ್ಲ ತಿಂಗಳು ರಜೆ. ಅಪ್ಪಾಜಿ ಇಲ್ಲದಿದ್ದರೂ ಅವ್ವ ಹಾಳೆಯ ಮಾತು ಮೀರುತ್ತಿರಲಿಲ್ಲ. ತೊಟ್ಟಿಲಲ್ಲಿ ತಮ್ಮ ಕಿರುಚಿ ಕಿರುಚಿ ಕೆಂಪಾಗುವನು. ಅವ್ವ ಒಲೆಯ ಮುಂದೆ ಕೂತು ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆ ನೋಡುವಳು. ಒಂದು ದಿನ ನೋಡಿದೆ, ಅವಳ ರವಿಕೆಯ ಎದೆ ಪೂರಾ ಒದ್ದೆ. ನೀರು ಚೆಲ್ಲಿಕೊಂಡಿದ್ದಾಳೆ ಅಂದುಕೊಂಡೆ. ಅಜ್ಜಿ ನನ್ನನ್ನು ಹತ್ತಿರ ಎಳೆದುಕೊಂಡು ಹೇಳಿದಳು: "ನೀರಲ್ಲ ಕಣವ್ವ, ಆಲು. ಅಲ್ಲಿ ಕೂಸು ಅಳ್ತಾ ಅದೆ, ಇಲ್ಲಿ ಮೊಲೆ ಅಳ್ತಾ ಅದೆ. ನಡುವೆ ಆ ಪೆಟ್ಗೆ ಟಿಕ್ ಟಿಕ್ ಅಂತದೆ."

ಮಾರನೆಯ ದಿನ ನಾನು ಅಡುಗೆಮನೆಯ ರಾಗಿ ಡಬ್ಬವನ್ನು ಎಳೆದುಕೊಂಡು ಬಂದು ಗಡಿಯಾರದ ಕೆಳಗಿಟ್ಟು ಹತ್ತಿದೆ. ಆಗ ಹನ್ನೊಂದು ಗಂಟೆ. ಗಾಜಿನ ಬಾಗಿಲು ತೆಗೆದು ದೊಡ್ಡ ಮುಳ್ಳನ್ನು ನೂಕಿದೆ. ಅರ್ಧ ಗಂಟೆಯ ಪೆಟ್ಟು ಹೊಡೆಯುವವರೆಗೆ ಕಾದೆ, ಕಲಿಸಿದವರ ಮಾತಿಗೆ ಮರ್ಯಾದೆ ಕೊಡಬೇಕಲ್ಲ. ಮತ್ತೆ ನೂಕಿದೆ. ಹನ್ನೆರಡು ಪೆಟ್ಟೂ ನಿಧಾನವಾಗಿ ಬಿದ್ದವು. ಅವ್ವ ಹೊರಗೆ ಬಂದಳು. ಗಡಿಯಾರ ನೋಡಿದಳು, ಹೊಸ್ತಿಲ ಮೇಲಿನ ಬಿಸಿಲು ನೋಡಿದಳು, ಡಬ್ಬದ ಮೇಲೆ ನಿಂತ ನನ್ನನ್ನು ನೋಡಿದಳು. ಹೋಗಿ ತಮ್ಮನನ್ನು ಎತ್ತಿಕೊಂಡಳು. ಅಜ್ಜಿ ಮಾತ್ರ ಜಗಲಿಯ ನೆರಳಿನ ಕಡೆ ಕಣ್ಣು ಹಾಯಿಸಿ, "ಈವತ್ತು ಬಿಸ್ಲು ವಸಿ ಇಂದೆ ಬಿದ್ದದೆ, ಬೀಳ್ಲಿ ಬುಡು" ಎಂದಳು.

ಈಗ ಮುಂದೆ ಹೋದ ಗಂಟೆಯನ್ನು ವಾಪಸು ತರಬೇಕಲ್ಲ. ಮುಳ್ಳನ್ನು ಹಿಂದಕ್ಕೆ ತಿರುಗಿಸುವಂತಿಲ್ಲ. ಎಂಟು ವರ್ಷದ ತಲೆ ಒಂದು ಉಪಾಯ ಹುಡುಕಿತು. ಕೂಸು ಕುಡಿದು ಮಲಗಿದ ಮೇಲೆ, ಗಡಿಯಾರದಲ್ಲಿ ಹನ್ನೆರಡೂಕಾಲು ಆದಾಗ, ಲೋಲಕವನ್ನು ಬೆರಳಿನಿಂದ ಹಿಡಿದು ನಿಲ್ಲಿಸಿದೆ. ಮಡಿಕೇರಿ ಬಸ್ಸು ನಮ್ಮ ಬೀದಿಯ ತುದಿಯಲ್ಲಿ ಹಾರನ್ ಹೊಡೆದು ಹೋಗುವುದು ನಿಜವಾದ ಹನ್ನೆರಡೂಕಾಲಿಗೆ. ಬಸ್ಸಿನ ಸದ್ದು ಬಂದ ತಕ್ಷಣ ಲೋಲಕವನ್ನು ಮತ್ತೆ ತಟ್ಟಿಬಿಟ್ಟೆ. ಗಡಿಯಾರವೂ ಬಿಸಿಲೂ ಮತ್ತೆ ಜೊತೆಯಾದವು. ಒಂದು ಗಂಟೆಗೆ ಅಪ್ಪಾಜಿ ಊಟಕ್ಕೆ ಬಂದಾಗ ಎಲ್ಲವೂ ಸರಿಯಾಗಿತ್ತು.

ಎರಡು ವಾರ ಹೀಗೇ ನಡೆಯಿತು. ನನ್ನ ಇಡೀ ಆಯುಸ್ಸಿನಲ್ಲಿ ಆ ಗಡಿಯಾರ ನಿಂತ ಗಂಟೆಗಳಷ್ಟು ಸುಖದ ಗಂಟೆಗಳನ್ನು ನಾನು ಕಾಣಲಿಲ್ಲ. ಟಿಕ್ ಟಿಕ್ ನಿಂತಾಗ ಮನೆಯೇ ಉಸಿರು ಬಿಟ್ಟು ಕಾಲು ಚಾಚಿದಂತಾಗುತ್ತಿತ್ತು. ಅವ್ವ ಚಾಪೆಯ ಮೇಲೆ ಒಂದು ಮಗ್ಗುಲಾಗಿ ಮಲಗಿ ನಿದ್ದೆ ಹೋಗುವಳು, ಅವಳ ತೋಳಿನ ಮೇಲೆ ಬಾಯಂಚಿನಲ್ಲಿ ಹಾಲು ಕಟ್ಟಿಕೊಂಡ ತಮ್ಮ. ಹಾಳೆಯಲ್ಲಿ ಬಾರದೆಂದಿದ್ದ ಹರಳೆಣ್ಣೆಯನ್ನು ಅಜ್ಜಿ ಅವನ ಅಂಗಾಲಿಗೆ ಸವರುವಳು, ನನ್ನ ಕೈಗೂ ಹಚ್ಚಿ "ನೀನೂ ತಿಕ್ಕು" ಅನ್ನುವಳು. ಹೆಂಚಿನ ನಡುವಿನ ಗಾಜಿನಿಂದ ಬಿದ್ದ ಬಿಸಿಲಿನ ಕೋಲಿನಲ್ಲಿ ಧೂಳು ಆಡುತ್ತಿತ್ತು. ಎದುರು ಮಂಡಿಯಲ್ಲಿ ಹೆಂಗಸರು ಯಾವುದೋ ಪದ ಎತ್ತಿ ಮರೆತು ಮತ್ತೆ ಎತ್ತುತ್ತಿದ್ದರು. ಹೊಳೆಯ ಕಡೆಯಿಂದ ಬಟ್ಟೆ ಒಗೆಯುವ ಸದ್ದು ಕಲ್ಲಿಗೆ ಬಿದ್ದು ಸ್ವಲ್ಪ ತಡೆದು ಕಿವಿಗೆ ಬರುತ್ತಿತ್ತು. ಆ ಹೊತ್ತು ಯಾವ ಗಡಿಯಾರದಲ್ಲೂ ಇಲ್ಲದ ಹೊತ್ತು. ಅದರಲ್ಲಿ ನಮಗೆ ವಯಸ್ಸಾಗುತ್ತಿರಲಿಲ್ಲ ಅನ್ನಿಸುತ್ತಿತ್ತು.

ಒಂದು ದಿನ ಆ ಹೊತ್ತು ಬಹಳ ಉದ್ದವಾಯಿತು. ಅವ್ವ ಮಲಗಿದ್ದಳು, ಅಜ್ಜಿ ಕೂಸಿನ ಬಟ್ಟೆ ಒಗೆಯಲು ಹೊಳೆಗೆ ಹೋಗಿದ್ದಳು. ನಾನು ಡಬ್ಬದ ಮೇಲೆ ಕಾಲು ಇಳಿಬಿಟ್ಟು ಕೂತು ಬಿಸಿಲಿನ ಕೋಲು ನೋಡುತ್ತಿದ್ದೆ. ಇವತ್ತು ಎಷ್ಟು ಚೆನ್ನಾಗಿದೆ, ಬಸ್ಸು ಬರುತ್ತಲೇ ಇಲ್ಲವಲ್ಲ ಎಂದು ಖುಷಿಯಾಗಿಯೇ ಇದ್ದೆ. ದಡ್ಡತನಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಹತ್ತಿರ ಇಲ್ಲ. ಬಸ್ಸು ಎಲ್ಲೋ ದಾರಿಯಲ್ಲಿ ಕೆಟ್ಟು ನಿಂತು ಮುಕ್ಕಾಲು ಗಂಟೆ ತಡವಾಗಿತ್ತು. ಅದು ಹಾರನ್ ಹೊಡೆದಾಗ ನಾನು ಲೋಲಕ ತಟ್ಟಿಬಿಟ್ಟು ಡಬ್ಬವನ್ನು ಎಳೆದಿಟ್ಟೆ. ಸ್ವಲ್ಪ ಹೊತ್ತಿಗೆ ಅಪ್ಪಾಜಿಯ ಚಪ್ಪಲಿ ಸದ್ದು.

ಗೋಡೆ ನೋಡಿದ ಅಪ್ಪಾಜಿಗೆ ಹನ್ನೆರಡು ಗಂಟೆ ಇಪ್ಪತ್ತು ನಿಮಿಷ ಕಂಡಿತು. ಸ್ಕೂಲಿನ ಗಡಿಯಾರ ಕೆಟ್ಟು ವರ್ಷವಾಗಿತ್ತು, ಜವಾನ ನೆರಳು ನೋಡಿ ಗಂಟೆ ಹೊಡೆಯುತ್ತಿದ್ದ. "ಇವನು ಹೊಟ್ಟೆ ಹಸಿದಾಗ ಗಂಟೆ ಹೊಡೀತಾನೆ. ಇವತ್ತು ಮುಕ್ಕಾಲು ಗಂಟೆ ಮುಂಚೆ ಹೊಡೆದಿದಾನೆ ನೋಡು. ಅದೂ ಎರಡು ಗಂಟೆಗೆ ಇನ್ಸ್‌ಪೆಕ್ಟರು ಬರೋ ದಿವಸ" ಎಂದು ಗೊಣಗಿದರು. ಇನ್ನೂ ಹೊತ್ತಿದೆ ಎಂದು ನಿಧಾನವಾಗಿ ಉಂಡರು. ಇಸ್ತ್ರಿ ಮಾಡಿಟ್ಟ ಕೋಟನ್ನು ಮೊಳೆಗೆ ಹಾಕಿ, ಗೋಡೆಗೆ ಒರಗಿ ಸ್ವಲ್ಪ ಕಣ್ಣು ಮುಚ್ಚಿದರು.

ಅಜ್ಜಿ ಹೊಳೆಯಿಂದ ಬಂದವಳು ಜಗಲಿಯ ನೆರಳು ನೋಡಿ ನಿಂತಳು. ಹಿತ್ತಿಲಿನಿಂದ ನನ್ನನ್ನು ಕರೆದು, "ರತ್ನಿ, ಬಿರ್ರನೆ ನಿಮ್ಮಪ್ಪಾಜಿಗೆ ಯೋಳು. ನೆಳ್ಳು ಕಂಬ ದಾಟ್ತು. ಒತ್ತಾಯ್ತು" ಎಂದಳು.

ನಾನು ನಡುಮನೆಯ ಹೊಸ್ತಿಲವರೆಗೆ ಬಂದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಹೇಳಿದರೆ ಅಪ್ಪಾಜಿ ಗಡಿಯಾರ ಪರೀಕ್ಷೆ ಮಾಡುತ್ತಾರೆ, ಎಲ್ಲ ಹೊರಗೆ ಬರುತ್ತದೆ, ನಾಳೆಯಿಂದ ಕೂಸು ಮತ್ತೆ ಹನ್ನೆರಡರವರೆಗೆ ಅಳಬೇಕು. ಹೇಳಲಿಲ್ಲ. ಅಜ್ಜಿಯ ಹತ್ತಿರ ಹೋಗಿ, "ಹೇಳಿದೆ" ಎಂದೆ. ಅಷ್ಟು ವರ್ಷ ಅಳಿಯನೆದುರು ಬಾಯಿ ತೆರೆಯದ ಅಜ್ಜಿ ನನ್ನನ್ನು ನಂಬಿದಳು.

ಅಪ್ಪಾಜಿ ಸಂಜೆ ಬಂದಾಗ ಕೋಟು ಕೈಯಲ್ಲಿತ್ತು. ಇನ್ಸ್‌ಪೆಕ್ಟರು ಸರಿಯಾಗಿ ಎರಡಕ್ಕೆ ಬಂದು, ಇವರ ಕುರ್ಚಿಯಲ್ಲೇ ಕೂತು, ಮುಕ್ಕಾಲು ಗಂಟೆ ಕಾದರಂತೆ. ಹುಡುಗರ ಎದುರಿನಲ್ಲೇ, ಮಕ್ಕಳಿಗೆ ಹೊತ್ತಿನ ಬೆಲೆ ಕಲಿಸುವವರು ನೀವೇನಾ ಎಂದು ಕೇಳಿದರಂತೆ. ಇಷ್ಟನ್ನು ಅವ್ವನಿಗೆ ಹೇಳಿ ಗಡಿಯಾರದ ಮುಂದೆ ಹೋಗಿ ನಿಂತರು. ಗಾಜಿನ ಬಾಗಿಲು ತೆಗೆದರು. ಲೋಲಕದ ಮೇಲೆ ಹರಳೆಣ್ಣೆಯ ಸಣ್ಣ ಸಣ್ಣ ಬೆರಳಿನ ಗುರುತು. ಕೆಳಗೆ ನೋಡಿದರು. ಸಗಣಿ ಸಾರಿಸಿದ ನೆಲದ ಮೇಲೆ ಅಡುಗೆಮನೆಯಿಂದ ಅಲ್ಲಿಯವರೆಗೆ ಡಬ್ಬ ಎಳೆದ ಎರಡು ಗೆರೆ. ನಾನು ಬಾಗಿಲ ಮರೆಯಲ್ಲಿ, ಅಜ್ಜಿ ನಿಲ್ಲುವ ಜಾಗದಲ್ಲಿ, ನಿಂತಿದ್ದೆ. ಈಗ ಬೀಳುತ್ತದೆ ಏಟು ಎಂದು ಕಣ್ಣು ಮುಚ್ಚಿದೆ. ಅಪ್ಪಾಜಿ ಪಂಚೆಯ ಅಂಚಿನಿಂದ ಲೋಲಕ ಒರೆಸಿದ ಸದ್ದು ಕೇಳಿಸಿತು, ಅಷ್ಟೇ. ಆಮೇಲೆ ಹೊಳೆಯ ಕಡೆ ನಡೆದುಹೋದರು.

ನಾನು ಅವ್ವನ ಮಡಿಲಲ್ಲಿ ಮುಖ ಇಟ್ಟು ಎಲ್ಲ ಹೇಳಿ ಅತ್ತೆ. ನೆರಳಿನ ಮಾತು ಮುಟ್ಟಿಸದೇ ಇದ್ದುದನ್ನೂ ಹೇಳಿದೆ. ಅವ್ವ ಬಹಳ ಹೊತ್ತು ತಲೆ ಸವರಿದಳು.

"ನಿಂಗೊಬ್ಳು ತಂಗಿ ಇದ್ಲು ಕಣೇ, ಗೌರಿ. ಬೆಟ್ಟದಪುರದ ಮನೇಲಿ. ನಿಂಗಾಗ ಮೂರು ವರ್ಷ, ನೆನಪಿರಾಕಿಲ್ಲ. ವರ್ಷದ ಮಗು. ಅವತ್ತು ಮನೇಲಿ ಒಸಗೆ, ನೂರು ಜನ. ಗೌರೀನ ದೊಡ್ಡಕ್ಕ, ಅದೇ ನಿಮ್ ದೊಡ್ಡವ್ವ, ಎತ್ಕಂಡವ್ಳೆ ಅಂತ ನಾನು, ನಾನು ಎತ್ಕಂಡಿವ್ನಿ ಅಂತ ದೊಡ್ಡಕ್ಕ. ಮಗು ಜ್ವರ ಬಂದು ಒಳಕೋಣೇಲಿ ಒಂದೇ ಅಳ್ತಾ ಬಿದ್ದಿತ್ತು. ಅಷ್ಟು ಮಕ್ಕಳ ಗಲಾಟೇಲಿ ಯಾವ ಮಗು ಅಳ್ತಾ ಅದೆ ಅಂತ ಯಾರಿಗೂ ಗೊತ್ತಾಗ್ನಿಲ್ಲ. ಗೊತ್ತಾಗೋ ಹೊತ್ಗೆ ತಡ ಆಗಿತ್ತು. ಅವತ್ತಿಂದ ನಿಮ್ಮಪ್ಪಾಜಿಗೆ ಎಲ್ಲಾ ಬರ್ದಿರ್ಬೇಕು, ಎಲ್ಲಾ ಹೊತ್ತಿಗೆ ಸರಿಯಾಗಿ ಆಗ್ಬೇಕು. ಅದು ಹಟ ಅಲ್ಲ ಕಣೇ, ಭಯ."

ಒಲೆಯ ಹತ್ತಿರ ಕೂತಿದ್ದ ಅಜ್ಜಿ ಈ ಕಡೆ ತಿರುಗಲಿಲ್ಲ. ಮಗಳು ಇಷ್ಟು ವರ್ಷ ತಾಯಿಗೂ ಇದನ್ನು ಪೂರ್ತಿ ಹೇಳಿರಲಿಲ್ಲ ಅನ್ನಿಸುತ್ತದೆ. ವೀಳ್ಯದೆಲೆಯವನ ಮಗನ ಕಥೆಗೆ ಅಪ್ಪಾಜಿ ಏಕೆ ನಗುತ್ತಿರಲಿಲ್ಲ ಎಂಬುದು ಅವತ್ತು ನನಗೆ ತಿಳಿಯಿತು. ಆ ಕಥೆಯನ್ನು ಈಗ ನಿಮಗೆ ನಗುತ್ತಲೇ ಹೇಳಿದೆನಲ್ಲ, ಅದಕ್ಕೆ ನನ್ನ ಮೇಲೆ ನನಗೇ ಬೇಸರವಿದೆ.

ಮಾರನೆಯ ಬೆಳಿಗ್ಗೆ ಎದ್ದಾಗ ಗಡಿಯಾರದ ಕೆಳಗೆ ಒಂದು ಸ್ಟೂಲು ಇತ್ತು. ಮರದ್ದು, ಅಗಲ ಕಾಲಿನದು, ಅಲುಗಾಡದಂಥದ್ದು. ಆ ಮನೆಯಲ್ಲಿ ಅದಕ್ಕೆ ಮೊದಲು ಸ್ಟೂಲೇ ಇರಲಿಲ್ಲ. ಯಾರು ತಂದರು ಎಂದು ಕೇಳಿದರೆ, "ಜೇಡರ ಬಲೆ ತೆಗೆಯೋಕಿರ್ಬೇಕು" ಎಂದಳು ಅವ್ವ. ಅಪ್ಪಾಜಿ ಎಂದಿನಂತೆ ವಿಭೂತಿ ಹಚ್ಚಿ, ಕೋಟು ತೊಟ್ಟು ಹೊರಟರು. ಹಾಳೆಯನ್ನು ಕೀಳಲಿಲ್ಲ, ನನ್ನನ್ನು ಏನೂ ಕೇಳಲಿಲ್ಲ. ಹನ್ನೊಂದಕ್ಕೆ ತಮ್ಮ ಅಳತೊಡಗಿದ. ನಾನು ಸ್ಟೂಲಿನ ಹತ್ತಿರ ಹೋಗಲಿಲ್ಲ, ಇನ್ನು ಜನ್ಮದಲ್ಲಿ ಗಡಿಯಾರ ಮುಟ್ಟುವುದಿಲ್ಲವೆಂದು ಆಣೆ ಹಾಕಿಕೊಂಡಿದ್ದೆ. ಅವ್ವ ಅಡುಗೆಮನೆಯಿಂದ ಬಂದು ಆ ಸ್ಟೂಲನ್ನೇ ನೋಡುತ್ತ ನಿಂತಳು. ಕಣ್ಣೊರೆಸಿಕೊಂಡಳು. ಆಮೇಲೆ ಗಡಿಯಾರದ ಕಡೆ ಕತ್ತೆತ್ತದೆ ಹೋಗಿ ತೊಟ್ಟಿಲಿನಿಂದ ಕೂಸನ್ನು ಎತ್ತಿಕೊಂಡಳು. ಅವತ್ತಿನಿಂದ ನಮ್ಮ ಮನೆಯ ಗಡಿಯಾರ ಸರಿಯಾಗಿಯೇ ನಡೆಯಿತು.

ವಾರದ ಮೇಲೆ ಅಜ್ಜಿ ಊರಿಗೆ ಹೊರಟಳು. ಗಂಟು ಕಂಕುಳಿಗೆ ಸೇರಿಸಿ, ಬಾಗಿಲ ಮರೆಯಿಂದ ಈಚೆಗೆ ಬಂದು, ಸೆರಗು ಸರಿಮಾಡಿಕೊಂಡು ಅಳಿಯನ ಎದುರೇ ನಿಂತಳು. ನಾನು ಮಾತು ತಲುಪಿಸಲು ಹೊಸ್ತಿಲಿಗೆ ಓಡಿದೆ. ನನ್ನ ಅಗತ್ಯ ಬೀಳಲಿಲ್ಲ.

"ನಿಮ್ ಚೀಟಿ ಗ್ವಾಡೆ ಮ್ಯಾಲೆ ಇರ್ಲಿ ಕಣ್ರೀ ಮೇಷ್ಟ್ರೇ. ಕೂಸಿನ್ ಮ್ಯಾಲೆ ಒಂದು ಕಣ್ಣು ಮಡಗಾಕೆ ಅದೂ ಬೇಕು. ಅದ್ರಾಗೆ ಅಳು ಒಂದು ಬರ್ದಿಲ್ಲ, ಅದ ನೀವು ಕೇಳುಸ್ಕಳಿ."

"ಆಗಲಿ ಅತ್ತೆ" ಎಂದರು ಅಪ್ಪಾಜಿ. ಅವರು ಅಜ್ಜಿಯ ಜೊತೆ ನೇರವಾಗಿ ಆಡಿದ ಮಾತು ನಾನು ಕಂಡಂತೆ ಅದೊಂದೇ.

ನನ್ನ ಚೊಚ್ಚಲು ಹುಟ್ಟಿದಾಗ ನಾನು ಪಿರಿಯಾಪಟ್ಟಣದಲ್ಲಿ ಗಂಡನ ಮನೆಯಲ್ಲಿದ್ದೆ. ಆಸ್ಪತ್ರೆಯಲ್ಲಿ ನರ್ಸಮ್ಮ ಬರೆದುಕೊಟ್ಟ ಚೀಟಿಯನ್ನು ಗೋಡೆಗೆ ಅಂಟಿಸಿದ್ದೆ. ನೂಲಿನಂತೆ ಸೀರೆ ಅನ್ನುವುದು ಸುಳ್ಳಲ್ಲ. ಅಪ್ಪಾಜಿಗೆ ಆಗ ನಿವೃತ್ತಿಯಾಗಿತ್ತು. ಒಂದು ಮಧ್ಯಾಹ್ನ ಬಸ್ಸಿಳಿದು ಬಂದರು, ಪಂಚೆಯಲ್ಲಿ ಸುತ್ತಿದ ಗಡಿಯಾರವನ್ನು ಎದೆಗೆ ಅವುಚಿಕೊಂಡು. ನನ್ನ ಚೀಟಿಯನ್ನು ಕನ್ನಡಕ ಏರಿಸಿ ಕೊನೆಯವರೆಗೂ ಓದಿದರು. ಅದರ ಮೇಲ್ಗಡೆಯೇ ಮೊಳೆ ಹೊಡೆದು ಗಡಿಯಾರ ತೂಗುಹಾಕಿ, ಕೀ ಕೊಟ್ಟು, ಲೋಲಕ ತಟ್ಟಿಬಿಟ್ಟರು. ಅಷ್ಟರಲ್ಲಿ ಒಳಗೆ ಮಗು ಎದ್ದು ಅಳತೊಡಗಿತು. ನಾನು ಕತ್ತೆತ್ತಿ ಗಂಟೆ ನೋಡಿದೆ.

ಅಪ್ಪಾಜಿ ನನ್ನ ಮುಖ ನೋಡಲಿಲ್ಲ. ಪಂಚೆಯ ಅಂಚಿನಿಂದ ಗಾಜು ಒರೆಸುತ್ತಲೇ ಇನ್ನೊಂದು ಕೈಯಿಂದ ಈ ಕೀಯನ್ನು ನನ್ನ ಅಂಗೈಗಿಟ್ಟರು.

"ಈಗ ನಿನಗೆ ಕೈ ಎಟುಕುತ್ತೆ ಮಗು" ಎಂದರು, "ಸ್ಟೂಲು ತರಲಿಲ್ಲ."